ಒಲೆಯ ಹೊಗೆಯಲ್ಲ

ಕಮಲಾಪುರ

ಬಂಡೆಮ್ಮ ಅತ್ತೆಗೆ ತ್ರಿವೇಣಿಯ ನಮಸ್ಕಾರ.

ನೀವಿರುವ ಕಲಬುರಗಿಯ ಆಸ್ಪತ್ರೆಗೆ ಬರಲು ನಾಚಿಕೆಯಾಗಿ, ನಿಮ್ಮ ಬಟ್ಟೆಗಳ ಜೊತೆ ಈ ಪತ್ರ ಕಳಿಸುತ್ತಿದ್ದೇನೆ. ನಿಮ್ಮ ಜೊತೆಗಿರುವ ಅಂಜನಾ ಓದಿ ಹೇಳಲಿ.

ಕೊರೊನಾ ಲಸಿಕೆ ಹಾಕಿಸಿದ ಮರುವಾರ ನೀವು, "ಹಳೇ ಕಣ್ಣುಬ್ಯಾನಿ ತಿರುಗಿ ಬಂದದ ನೋಡವ್ವ, ಸೂಜಿಯಿಂದೇನು?" ಎಂದಿರಿ. ನಾನು, "ಒಲಿ ಹೊಗಿ ಅತ್ತಿ, ಯಾರ ಮುಂದೂ ಹೇಳಬ್ಯಾಡ್ರಿ" ಎಂದೆ. ಓಣಿಯವರು ಹೆದರಿ ಲಸಿಕೆಗೆ ಬರುವುದಿಲ್ಲವೆಂಬ ಭಯ ನನಗಿತ್ತು. ಆಶಾ ಕಾರ್ಯಕರ್ತೆಯಾದ ನಾನೇ ನಿಮ್ಮನ್ನು ಡಾಕ್ಟರ ಹತ್ತಿರ ಕರೆದೊಯ್ಯಬೇಕಿತ್ತು.

ನಿನ್ನೆ ನಿಮ್ಮ ಡಾಕ್ಟರಿಗೆ ಫೋನಿನಲ್ಲಿ ಎಲ್ಲ ಹೇಳಿದೆ. "ಕಣ್ಣಾಗಿನ ಹಳೇ ವೈರಸ್ಸೇ ಮತ್ತ ಎದ್ದದ. ಲಸಿಕಿಯಿಂದಾನೇ ಅಂತ ಹೇಳಲಿಕ್ಕ ಬರಲ್ಲ. ಲಗೂನ ಬಂದಿದ್ರ ಕಣ್ಣು ಇಷ್ಟು ಮಂಜಾಗ್ತಿರಲಿಲ್ಲ" ಎಂದರು.

ಓಣಿಯ ಹೆಂಗಸರಿಗೂ ನಾನು ಮುಚ್ಚಿಟ್ಟಿದ್ದನ್ನು, ಡಾಕ್ಟರು ಹೇಳಿದ್ದನ್ನು ಹೇಳಿದೆ. ಆದರೂ ಎದುರುಮನೆ ಸುನಂದಾ ಲಸಿಕೆಗೆ ಬಂದಳು. ನನ್ನ ಮುಖ ಮಾತ್ರ ನೋಡಲಿಲ್ಲ.

ಕಣ್ಣಿನ ಹನಿ ಔಷಧಿ ತಪ್ಪಿಸಬೇಡಿ. ನೀವು ಕರೆದರೆ ಬರುತ್ತೇನೆ.

ತ್ರಿವೇಣಿ