ಚಂಪಿಯ ರಕ್ತದಾಗಿನ ಗುರುತು

ಐನಾಪುರ
೧೬ ನವೆಂಬರ್ ೨೦೨೫, ರವಿವಾರ

ನನ್ನ ಮುದ್ದಿನ ಸೌಂದರ್ಯಾಗ ಅಪ್ಪನ ಆಶೀರ್ವಾದ.

ಹೆಂಗದೀಯವ್ವಾ? ಕೂಸಿನ ನೆಗಡಿ ಕಡಿಮಿ ಆತೇನು? ಬಾಣಂತನ ಮುಗಿಸಿ ಸಾತಾರಾಕ್ಕ ಹೋದಾಗಿಂದ ನಮಗ ನಿನ್ನ ಊಟದ್ದ ಚಿಂತಿ. ನಿಮ್ಮತ್ತಿ ಚಲೋ ನೋಡಕೋತಾರ, ಖರೆ, ಆದ್ರ ಬಿಸಿ ಜ್ವಾಳದ ರೊಟ್ಟಿ ಅಲ್ಲಿ ಯಾರ ಬಡದ ಕೊಡಬೇಕು? ಇಲ್ಲಿ ದ್ರಾಕ್ಷಿ ಬಳ್ಳಿ ಕತ್ತರಸೂ ಚಾಟ್ನಿ ಮುಗದು ಗೊನಿ ಹೊರಬಿದ್ದಾವ. ಮುಂಜಾನಿ ಮಂಜ ಬೀಳಾಕತ್ತೈತಿ, ಔಷಧ ಹೊಡಿಯೂದ ತಪ್ಪಂಗಿಲ್ಲ. ದಿನಾ ಫೋನ್ ಮಾಡೂ ಅಪ್ಪ ಕಾಗದ ಯಾಕ ಬರದಾನ ಅಂತ ನಿನಗ ಅನಸಿರಬೇಕು. ನಾ ಫೋನ್ ಹಿಡದ್ರ ನಿಮ್ಮವ್ವ ಬಾಜೂಕ ಬಂದ ಕುಂಡ್ರತಾಳ. ನಿಮ್ಮನ್ಯಾಗ ಕನ್ನಡ ಓದಾಕ ನಿನಗೊಬ್ಬಾಕಿಗೇ ಬರತೈತಿ. ಅದಕ್ಕ ಬರದೇನಿ.

ತ್ವಾಟದ ನಾಯಿ ಚಂಪಿಗೆ ಮೊಲಿ ಸಾಲಿನಾಗ ಅಡಕಿಯಷ್ಟ ಗಂಟ ಆಗಿತ್ತು. ಮೊದಲ ನೋಡಿದಾಕಿ ನಿಮ್ಮವ್ವನ. ಅಥಣಿಯಿಂದ ದನದ ಡಾಕ್ಟರ್ ವೃಷಭನ್ನ ಕರಸಿದೆ. ಹುಡುಗ ಭಾಳ ಶ್ಯಾಣ್ಯಾ, ನನ್ನ ಕಾಕಾ ಅಂತಾನ, ನಿಮ್ಮವ್ವಗ ಕಾಕೂ. ಗಂಟ ಕೊಯ್ದು ತಗದು, ಸ್ವಲ್ಪ ರಕ್ತಾನೂ ತಗೊಂಡ. ಅವನ ಗೆಳ್ಯಾ ಒಬ್ಬ ಯಾವುದೋ ಕಾಲೇಜಿನಾಗ ಇಂಥಾ ಗಂಟಿನ ಮ್ಯಾಲೆ ಸಂಶೋಧನಾ ಮಾಡಾಕತ್ತಾನಂತ. "ಕಾಕಾ, ರಕ್ತದಾಗ ಜೀನ್ ಅಂತ ಇರತಾವ, ತಾಯಿಯಿಂದ ಮರಿಗೆ ಹೋಗತಾವ. ಕೆಲವ್ರಾಗ ಒಂದ ಗುರುತ ಇರತೈತಿ. ಅದಿದ್ರ ಗಂಟ ಬಂದೇ ಬರತೈತಿ ಅಂತಲ್ಲ, ಬರೂ ಸಂಭವ ಹೆಚ್ಚು. ಮೊದಲ ಗೊತ್ತಾದ್ರ ಉಳಸಾಕ ಬರತೈತಿ" ಅಂದ. ನಾ ಹೂಂ ಅಂದೆ. ನಾಯಿಗೆ ಇಷ್ಟೆಲ್ಲಾ ಯಾಕ ಅಂತ ಮನಸಿನಾಗ ಅಂದಕೊಂಡೆ.

ದೀಪಾವಳಿ ಆದಮ್ಯಾಲೆ ಅವನ ಫೋನ್ ಬಂತು. ಚಂಪಿ ರಕ್ತದಾಗ ಆ ಗುರುತ ಐತಂತ, ಆಕಿ ಹೆಣ್ಮರಿಗಳನ್ನೂ ನೋಡಬೇಕಂತ. ಒಂದ ಏಕಸಂಬಿ ಹುಸೇನಮಿಯಾನ ಕಡೆ ಇತ್ತು, ಇನ್ನೊಂದ ಕರೋಶ್ಯಾಗ ನಿನ್ನ ಸ್ವಾದರಮಾವನ ಮನ್ಯಾಗ. ಡಾಕ್ಟರನ ಜೀಪ ಹತ್ತೂ ಮುಂದ ನಿಮ್ಮವ್ವ ಸೆರಗ ಹೊತಗೊಂಡ ಬಂದ ನಿಂತಳು. "ನಾನೂ ಬರತೇನಿ." ನಾಯಿ ಸಂಬಂಧ ಆಕಿ ಅಷ್ಟ ದೂರ ಬರತಾಳಂದ್ರ ನನಗ ಸೋಜಿಗ. ತವರಮನಿ ನೆನಪಾಗಿರಬೇಕಂತ ಸುಮ್ನಾದೆ.

ಹುಸೇನಮಿಯಾ ನಕ್ಕೋತ ಬಂದ. "ನಮ್ಮ ರಾಣಿಗೇನ ಧಾಡಿರಿ, ಕಬ್ಬಿನ ಹೊಲಕ್ಕ ಹಂದಿ ಬಿಟ್ಟಗೊಡೂದಿಲ್ಲ" ಅಂದ. ಡಾಕ್ಟರ್ ರಾಣಿನ್ನ ಅಂಗಾತ ಮಲಗಿಸಿ ಹೊಟ್ಟಿ ಮ್ಯಾಲೆ ಬೆರಳ ಆಡಿಸಿದ. ಬೆರಳ ಒಂದ ಕಡೆ ನಿಂತವು. ಮತ್ತ ಅಲ್ಲೇ ಒತ್ತಿದ. ತೊಗರಿ ಕಾಳಿನಷ್ಟ ಇತ್ತು, ಸೌಂದು. ಅದು ಬಾಲಾ ಅಳ್ಳಾಡಿಸಿಕೋತ ಅವನ ಕೈ ನೆಕ್ಕಾಕತ್ತಿತ್ತು. ಹುಸೇನಮಿಯಾನ ನಗು ಹೋತು. ಚಹಾ ತಂದ ಅವನ ಹೇಣ್ತಿ ಮಮತಾಜ ಹಂಗ ನಿಂತಳು.

ಕರೋಶ್ಯಾಗ ನೋಡಾಕ ನಾಯಿನ ಇರಲಿಲ್ಲ. ಶ್ರಾವಣದಾಗ ಮೊಲಿ ಗಂಟ ಒಡದು, ಹುಳಾ ಬಿದ್ದು ಸತ್ತಿತಂತ. ನಿಮ್ಮ ಮಾವ ಅದನ್ನ ಹೇಳಾಕತ್ತಾಗ ನಿಮ್ಮವ್ವ ಅಲ್ಲಿರಲಿಲ್ಲ. ಹಿತ್ತಲ ಕಡೆ ಖೋಲಿ ಬಾಗಲಾ ಹಿಡದ ನಿಂತಿದ್ದಳು. ಆಕಿ ಅವ್ವ, ನಿಮ್ಮಾಯಿ, ಕಡೀಕ ಮಲಗಿದ್ದ ಖೋಲಿ ಅದು. ನೀ ಭಾಳ ಸಣ್ಣಾಕಿ ಆಗ. ಎದಿ ಮ್ಯಾಲೆ ಹುಣ್ಣ ಆಗೇತಿ ಅಂದಿದ್ವಿ, ಅದರ ಹೆಸರ ಯಾರೂ ತಗೀಲಿಲ್ಲ. ಮುಂದ ನಿಮ್ಮವ್ವನ ಅಕ್ಕಗ, ನಿಮ್ಮ ದೊಡ್ಡವ್ವಗೂ ಹುಣ್ಣ ಅಂತನ ಅಂದ್ವಿ.

ಹೊಳ್ಳಿ ಬರೂವಾಗ ಹಿಂದ ಕುಂತಿದ್ದ ನಿಮ್ಮವ್ವ ಒಮ್ಮೆಲೆ ಕೇಳಿದಳು: "ಡಾಕ್ಟರ, ಮನಶ್ಯಾರಿಗೂ ಹಿಂಗ ಆಗತೈತೇನ್ರಿ, ತಾಯಿಯಿಂದ ಮಗಳಿಗೆ?" ವೃಷಭ ಗಾಡಿ ಸಾವಕಾಶ ಮಾಡಿದ. "ಆಗತೈತ್ರಿ ಕಾಕೂ. ನಾಯ್ಯಾಗ ನಾವ ಹುಡಕೂ ಜೀನೇ ಮನಶ್ಯಾರಾಗೂ ಐತಿ. ಯಾಕ ಕೇಳಿದ್ರಿ?" "ಸುಮ್ನ ಕೇಳಿದ್ನಿ." ನಾ ಕನ್ನಡಿಯಾಗ ನೋಡಿದೆ. ನಿಮ್ಮವ್ವನ ಬಲಗೈ ಸೆರಗಿನ ಒಳಗ ಇತ್ತು.

ಚಂಪಿ ಗಾಯಾ ಮಾಯೇತಿ, ರೊಟ್ಟಿ ತಿನ್ನಾಕತ್ತಾಳ. ಅಳಿಯಂದ್ರಿಗೆ, ನಿಮ್ಮತ್ತಿ ಮಾವಗ ನಮಸ್ಕಾರ ತಿಳಸು. ಮೊಮ್ಮಗಳಿಗೆ ಮುತ್ತು.

ನಿನ್ನ ಅಪ್ಪ,
ಮುರಗೆಪ್ಪ

ತಾ.ಕ.: ಪಾಕೀಟ ಅಂಟಸೂಕಿಂತ ಮೊದಲ ಇದನ್ನ ಬರಿಯಾಕಬೇಕು, ಮ್ಯಾಲೆ ಬರಿಯಾಕ ಕೈ ಬರಲಿಲ್ಲ. ನಿಮ್ಮವ್ವನ ಎಡಗಡೆ ಗಂಟ ಐತಿ. ಭಾಳ ದಿನದಿಂದ ಇತ್ತಂತ, ನನಗ ಮೊನ್ನೆ ಹೇಳಿದಳು. ಮಿರಜಿಗೆ ಕರಕೊಂಡ ಹೋಗಿದ್ದೆ, ತುಣುಕ ತಗದ ತಪಾಸಣಿಗೆ ಕಳಿಸ್ಯಾರ. ಗುರುವಾರ ಹೇಳತಾರ. ಅಲ್ಲಿ ಡಾಕ್ಟರಬಾಯಿ ಮಾರಿ ಸಪ್ಪಗಾಗಿತ್ತು, ನನಗ ಸೇರಲಿಲ್ಲ. "ಸೌಂದುಗ ಹೇಳಬ್ಯಾಡ್ರಿ, ಕೂಸಿಗೆ ಮೊಲಿ ಕುಡಸಾಕತ್ತಾಳ, ಅಂಜಿ ಹಾಲ ಬತ್ತೀತು" ಅಂತ ನಿಮ್ಮವ್ವ ಆಣಿ ಹಾಕ್ಯಾಳ. ನಾ ಆಣಿ ಮುರದೇನಿ. ನೀ ಬಾ. ಬರೂಕಿಂತ ಮೊದಲ ಅಲ್ಲಿ ಡಾಕ್ಟರಬಾಯಿ ಕಡೆ ಹೋಗಿ ನಿನ್ನ ಎದಿ ತೋರಸು, ಆಯಿದು, ದೊಡ್ಡವ್ವಂದು, ಅವ್ವಂದು ಎಲ್ಲಾ ಹೇಳು. ಅಪ್ಪ ಮಗಳಿಗೆ ಬರಿಯೂ ಮಾತಲ್ಲ ಇದು, ಆದ್ರ ಬರಿಯಾಕ ಮನ್ಯಾಗ ಮತ್ತ್ಯಾರೂ ಇಲ್ಲ. ಕೂಸೂ ಹೆಣ್ಣ ಐತಿ. ಅದರದೂ ಕೇಳು.