ಭೀಮಿಯ ಹಗ್ಗ

ಬಬಲೇಶ್ವರ
ಶ್ರಾವಣ ಸೋಮವಾರ, ೧೯೪೬

ತಿಕೋಟಾದ ಲಾಡಲೇಸಾಬ ಅಣ್ಣನವರಿಗೆ ತವರೂರ ತಂಗಿ ಸಕ್ರವ್ವನ ಶರಣಾರ್ಥಿ.

ಇವತ್ತು ನನ್ನ ಸೋಮವಾರದ ಉಪವಾಸ. ಸೆಗಣಿ ಬಾಚಿ, ಅಂಗಳ ಸಾರಿಸಿ, ಲಿಂಗಪೂಜೆ ಮುಗಿಸಿ ಬರೆಯಲು ಕುಳಿತಿದ್ದೇನೆ. ಈ ವರ್ಷ ನಮ್ಮ ಶ್ರಾವಣವೂ ನಿಮ್ಮ ರಂಜಾನವೂ ಕೂಡಿಯೇ ಬಂದಿವೆ. ನೀವೂ ಹಸಿದಿದ್ದೀರಿ, ನಾನೂ ಹಸಿದಿದ್ದೇನೆ. ಸುಳ್ಳು ಬರೆಯುವ ಹಾಗಿಲ್ಲ.

ನಿಮ್ಮ ಆಳು ಸಾಬಣ್ಣ ಸಂತೆಗೆ ಬಂದಾಗ ಸುದ್ದಿ ತಂದ. ನಿಮ್ಮ ಲಾಯದಲ್ಲಿರುವ ನಮ್ಮ ಕುದುರೆ ಭೀಮಿಯ ಹೆಣ್ಣುಮರಿ ಹಾಲು ಬಿಟ್ಟಿದೆಯಂತೆ. ವಿಜಾಪುರದ ಗಿರಾಕಿಗಳು ಕಾದಿದ್ದರೂ, "ಮೊದಲ ನಮ್ಮ ಸಕ್ರವ್ವನ್ನ ಕೇಳ್ಕೊಂಡ ಬಾ" ಎಂದಿರಂತೆ. ತಾಯಿಯ ಹಣೆಯ ಸುಳಿ ಮರಿಗೂ ಬಂದಿದೆ ಎಂಬುದನ್ನೂ ಮುಚ್ಚಿಡದೆ ಹೇಳಿ ಕಳಿಸಿದಿರಿ.

ಆ ಸುಳಿಯಿಂದ ನಾನು ಉಂಡ ನೋವು ನಿಮಗೆ ಗೊತ್ತು. ಭೀಮಿಯನ್ನು ತವರಿನಿಂದ ಈ ಮನೆಗೆ ತಂದವಳೇ ನಾನು. ನಮ್ಮ ಮನೆಯವರು ಸಾರವಾಡ, ತಿಕೋಟಾ ಎಂದು ತಿರುಗಿ ಹೋರಿ ಕೊಂಡು ಮಾರುವವರು. ಹಿಂಡಿನೊಳಗೆ ಹೊಕ್ಕು, ಬೇಕಾದ ಒಂದೇ ಹೋರಿಯನ್ನು ಬಿಡಿಸಿ ಹೊರಗೆ ತರುವ ಜಾಣತನ ಆ ಕುದುರೆಗಿತ್ತು. ಅವರು ಜ್ವರದಿಂದ ತೀರಿಕೊಂಡಾಗ ಊರು ಜ್ವರವನ್ನು ಬಿಟ್ಟು ಸುಳಿಯನ್ನು ಹಿಡಿಯಿತು. ಧಣಿಯನ್ನು ತಿನ್ನುವ ಸುಳಿಯಂತೆ! ನನ್ನೆದುರು ಯಾರೂ ಏನೂ ಅನ್ನಲಿಲ್ಲ. ಆದರೆ ನಾನು ಹೋಗಿ ಕುಳಿತಲ್ಲಿ ಹೆಂಗಸರು ಸರಿದು ಕೂರುತ್ತಿದ್ದರು. ಭೀಮಿಯೂ ಮೇವು ಬಿಟ್ಟು ತಲೆ ಕೆಳಗೆ ಹಾಕಿ ನಿಂತಿತು. ಟಾಂಗಾದವರಿಗೆ ಮಾರಿಬಿಡೋಣವೆಂದು ಮೈದುನ ಧೂಳಪ್ಪ ಹಟ ಹಿಡಿದಾಗ ನಿಮಗೆ ಹೇಳಿ ಕಳಿಸಿದೆ.

ನೀವು ಬಂದ ದಿನ ಧೂಳಪ್ಪ ಮೊದಲು ಸುಳಿಯನ್ನೇ ತೋರಿಸಿದ. ನೀವು ರುಮಾಲು ತೆಗೆದು ತಲೆ ಬಗ್ಗಿಸಿದಿರಿ. "ಇಲ್ನೋಡೋ ಧೂಳಪ್ಪಾ, ನನಗೂ ಎರಡ ಸುಳಿ ಅದಾವು. ಎರಡ ಮದಿವಿ ಆಕ್ಕಾವು ಅಂತಿದ್ರು. ಒಬ್ಬಾಕಿನ್ನ ಸಂಭಾಳಸೂದ್ರಾಗ ಕೂದಲಾ ಉದುರ್ಯಾವು!" ಎಷ್ಟೋ ದಿನದ ಮೇಲೆ ನಮ್ಮ ಅಂಗಳದಲ್ಲಿ ನಗು ಕೇಳಿತು.

ಆಮೇಲೆ ಭೀಮಿಯನ್ನು ಹತ್ತಿ, ದನಗಳ ನಡುವೆ ಅಡಗಿದ ಕೆಂದು ಹೋರಿಯ ಕಡೆ ಮುಖ ಮಾಡಿಸಿ, ಲಗಾಮು ಸಡಿಲ ಬಿಟ್ಟಿರಿ. ಭೀಮಿಯ ಕಿವಿ ನಿಮಿರಿದವು. ಹೋರಿ ಎಡಕ್ಕೆ ಹೊರಳಿದರೆ ಎಡಕ್ಕೆ, ಬಲಕ್ಕೆ ಹೊರಳಿದರೆ ಬಲಕ್ಕೆ ಅಡ್ಡಗಟ್ಟಿ, ಒಂದು ದನವನ್ನೂ ಬೆದರಿಸದೆ ಅದನ್ನು ತಂದು ನನ್ನ ಮುಂದೆ ನಿಲ್ಲಿಸಿತು. ನಮ್ಮ ಮನೆಯವರೇ ಮೇಲೆ ಕುಳಿತ ಹಾಗೆ ಕಂಡಿತು ಅಣ್ಣಾ, ಸೆರಗಿನಿಂದ ಕಣ್ಣೊರೆಸಿಕೊಂಡೆ.

ವ್ಯಾಪಾರದ ಮಾತು ಮುಗಿದು ನೀವು ಹೊರಟಾಗ ಧೂಳಪ್ಪ ಅಂದ: "ಹಗ್ಗಾನೂ ಒಯ್ರಿ ಸಾಬ್ರ."

ನಮ್ಮಲ್ಲಿ ಮಾರಿದವರು ಹಗ್ಗ ಕೊಡುವುದಿಲ್ಲ, ಅದರ ಜೊತೆ ಮನೆಯ ಲಕ್ಷ್ಮಿ ಹೋಗುತ್ತಾಳೆಂದು ಉಳಿಸಿಕೊಳ್ಳುತ್ತಾರೆ. ಕೊಂಡವರು ತಮ್ಮ ಹಗ್ಗ ತರುತ್ತಾರೆ. ಪೀಡೆ ತೊಲಗಲಿ ಎನ್ನುವ ಪ್ರಾಣಿಯನ್ನು ಮಾತ್ರ ಹಗ್ಗದ ಸಮೇತ ಅಟ್ಟುತ್ತಾರೆ. ನೆರೆದ ಮಂದಿಯ ಮುಂದೆ ನಾನು ತಲೆಯ ಸೆರಗು ಮುಂದಕ್ಕೆಳೆದುಕೊಂಡೆ.

ನೀವು ಹಗ್ಗ ಬಿಚ್ಚಿ, ಎರಡೂ ಕೈಯಲ್ಲಿ ಹಿಡಿದು, ನನ್ನ ಮುಂದೆ ಬಂದಿರಿ. "ತಂಗೀ, ಲಕ್ಷ್ಮೀನ ನಿನ್ನ ಕಡೇನ ಇಟ್ಕೋ. ನಾ ಬರೇ ಕುದರಿ ಒಯ್ಯಾಕ ಬಂದೀನಿ."

ಅದನ್ನು ಊರೆಲ್ಲ ಕೇಳಿತು. ಮರುದಿನ ನೆರೆಮನೆಯ ಮುದುಕವ್ವ ಬಂದು ನನ್ನ ಪಕ್ಕಕ್ಕೇ ಕುಳಿತು ಎಲೆಅಡಿಕೆ ಹಾಕಿಕೊಂಡಳು. ನೀವು ಕೊಟ್ಟದ್ದು ಅದು, ಅಣ್ಣಾ.

ಮರಿಯ ಸುದ್ದಿಯನ್ನು ನಿನ್ನೆ ಧೂಳಪ್ಪನಿಗೆ ಹೇಳಿದೆ. "ಸುಳಿ?" ಎಂದ. "ಅದಽ ಸುಳಿ" ಎಂದೆ. ಅವನು ಎದ್ದು ಹೋಗಿ ಭೀಮಿ ಮೇವು ತಿನ್ನುತ್ತಿದ್ದ ಗೋದಲಿಯ ಕಸ ತೆಗೆಯತೊಡಗಿದ.

ಮನೆಯಲ್ಲಿ ಅಬೇದಾ ವೈನಿಗೆ ನನ್ನ ನಮಸ್ಕಾರ ಹೇಳಿ. ನಿಮ್ಮ ರೋಜಾ ಸಾಂಗವಾಗಿ ಮುಗಿಯಲಿ, ಸಿದ್ಧೇಶ್ವರ ನಿಮ್ಮ ಲಾಯವನ್ನು ಎಂದೂ ಬರಿದು ಮಾಡದಿರಲಿ. ನನ್ನ ಉತ್ತರ ಟಪಾಲಿನಲ್ಲಿ ಹಿಡಿಯುವಂಥದ್ದಲ್ಲ. ಮುಂದಿನ ಸಂತೆಗೆ ಸಾಬಣ್ಣ ಬಂದಾಗ ನಮ್ಮ ಮನೆಗೆ ಕಳಿಸಿ, ಒಯ್ಯಲಿ. ಭೀಮಿಯ ಹಗ್ಗಕ್ಕೆ ಎಣ್ಣೆ ಸವರಿ, ಮರಿಯ ಕೊರಳಿಗೆ ಒಪ್ಪುವಂತೆ ಕುಣಿಕೆ ಚಿಕ್ಕದು ಮಾಡಿ, ಗೂಟಕ್ಕೆ ತೂಗುಹಾಕಿದ್ದೇನೆ.

ನಿಮ್ಮ ತಂಗಿ,
ಸಕ್ರವ್ವ