ತಿರುಚಿಕೊಂಡ ಸುತ್ತು

ತಂಗೀ,

ಈ ಮನೆಗೆ ನಾನೇ ಹಿರಿಯಳು. ನನ್ನ ಮಾತು ಮೀರಿ ಇಲ್ಲಿ ಹುಲ್ಲುಕಡ್ಡಿಯೂ ಅಲುಗದು ಎಂದು ನೀನು ಗೇಲಿ ಮಾಡುತ್ತಿದ್ದೆ. ನೀನು ತೀರಿಕೊಂಡ ಮೇಲೆ ಗೇಲಿ ಮಾಡುವ ಧೈರ್ಯ ಯಾರಿಗೂ ಇಲ್ಲ.

ತುಂಡು ತುಂಡಾಗಿ ಹೆಣೆದು ಹೊಲಿದು ನಾನು ತೊಡಿಸಿದ ಸ್ವೆಟರನ್ನು ಮೊಮ್ಮಗಳು ಕಿತ್ತೆಸೆದಳು. “ಹೊಲಿಗೆ ಚುಚ್ಚುತ್ತೆ ಅಜ್ಜೀ. ಚಿಕ್ಕಜ್ಜಿ ಮಾಡಿದ್ದು ಚುಚ್ತಿರ್ಲಿಲ್ಲ.”

ಅದಕ್ಕೇ ನಿನ್ನ ಹೆಣಿಗೆಯ ಮಾದರಿ ಹಾಳೆ ಎದುರಿಗಿಟ್ಟುಕೊಂಡು, ಹೊಲಿಗೆಯೇ ಇಲ್ಲದಂತೆ ಒಂದೇ ಕೊಳವೆಯಾಗಿ ದುಂಡಗೆ ಹೆಣೆಯಲು ಕುಳಿತೆ. ಕಲಿಸುತ್ತೇನೆ ಬಾ ಎಂದು ನೀನು ಕರೆದಾಗಲೆಲ್ಲ ನನಗೆ ಏನಾದರೂ ಕೆಲಸವಿರುತ್ತಿತ್ತು. ಈಗಲೂ ಯಾರನ್ನೂ ಕೇಳಲಿಲ್ಲ.

ಇವತ್ತು ಗೇಣುದ್ದವಾಗಿತ್ತು. ಸೊಸೆ ಎತ್ತಿ ನೋಡಿದಳು.

“ಅತ್ತೆ, ಬೈಬೇಡಿ. ಮೊದಲ ಸುತ್ತು ಸೇರಿಸುವಾಗಲೇ ತಿರುಚ್ಕೊಂಡಿದೆ. ಇದರೊಳಗೆ ಮಗು ತೂರಲ್ಲ, ಹಾವು ತೂರಬೇಕು.”

ಕೋಪ ಬರಬೇಕಿತ್ತು, ನಗು ಬಂತು. ಸೊಸೆ ಬೆಚ್ಚಿಬಿದ್ದು ನನ್ನ ಮುಖ ನೋಡಿದಳು. ನನಗೋ ತಲೆಯ ಮೇಲಿನ ಹೊರೆ ಇಳಿಸಿದಷ್ಟು ಹಗುರ.

“ಸರಿ ಮಾಡೋಕಾಗಲ್ವೇನೇ?”

“ಪೂರ್ತಿ ಬಿಚ್ಚಬೇಕು, ಅತ್ತೆ.”

ಪೂರ್ತಿ ಬಿಚ್ಚಿದೆ. ಉಲ್ಲನ್ನನ್ನು ಉಂಡೆ ಸುತ್ತಿ, ಹಾಳೆಯನ್ನು ಸೊಸೆಯ ಕೈಗೆ ಕೊಟ್ಟು, “ನೀನು ಓದಿ ಹೇಳು, ನೀನು ಹೇಳಿದ ಹಾಗೆ ನಾನು ಕೇಳ್ತೀನಿ” ಎಂದೆ. ಸಂಜೆಯೊಳಗೆ ಮೊದಲ ಸುತ್ತು ನೇರವಾಗಿ ಕೂತಿತು.